ಬಲಕ್ಕೆ ತಿರುಗಿದ ಕೈ

ಚಳಿ ಕಳೆದು, ಬಿಸಿಲಿಗೆ ಇನ್ನೂ ಮೊನಚು ಬಾರದ ದಿನಗಳು. ಸೋಮವಾರ, ಬೆಳಗಿನ ಹತ್ತೂವರೆ ಗಂಟೆ. ಒಲೆ ಕಾರ್ಖಾನೆಯ ಹಿಂಬದಿಯ ಪರೀಕ್ಷೆ ಕೋಣೆಯಲ್ಲಿ ಒಬ್ಬ ಹೆಂಗಸು ಹೊಸ ಕೆಟಲಿನ ಹಿಡಿ ಸುಡುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ನೀರು ಕುದಿಯಿತು. ಒಲೆ ಆರಿಸಿ, ಕೆಟಲು ಎತ್ತಿಕೊಂಡು ಕಿಟಕಿ ಪಕ್ಕದ ಮೇಜಿಗೆ ಹೋದಳು. ಹಿಡಿ ಸುಡಲಿಲ್ಲ. ಅದನ್ನು ಪುಸ್ತಕದಲ್ಲಿ ಬರೆದು ಹಿಂದಿರುಗಿ ನೋಡಿದರೆ, ಆರಿಸಿದ ಒಲೆಯ ಮೇಲೆ ನೀಲಿ ಉರಿ ಸಣ್ಣಗೆ ಆಡುತ್ತಿತ್ತು.

ಓಡಿಹೋಗಿ ಅದನ್ನು ಆರಿಸಿದಳು. ಅದು ಹಳೆಯ ಮಾದರಿಯ ಗ್ಯಾಸ್ ಒಲೆ. ಇಪ್ಪತ್ತು ವರ್ಷದಿಂದ ಅವಳ ಕೈಗೆ ಪಳಗಿದ್ದು. ಅದರ ನಾಬನ್ನು ಬಲಕ್ಕೆ ಕೊನೆತನಕ ತಿರುಗಿಸಿದರೆ ಆರುತ್ತದೆ. ಎಡಕ್ಕೆ ತಿರುಗಿಸಿದರೆ ಮೊದಲು ದೊಡ್ಡ ಉರಿ, ಇನ್ನೂ ಎಡಕ್ಕೆ ಹೋದರೆ ಸಣ್ಣ ಉರಿ. ಈಗ ಅವಳ ಕೈ ಕೇಳದೆ ಹೇಳದೆ ಎಡಕ್ಕೆ ತಿರುಗಿಸಿತ್ತು. ಉರಿ ತಗ್ಗಿದ್ದನ್ನು ಓರೆಗಣ್ಣಲ್ಲಿ ಕಂಡು, ಆರಿತು ಎಂದುಕೊಂಡು ಬಂದುಬಿಟ್ಟಿದ್ದಳು.

ಹೀಗೇಕಾಯಿತು ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರು ವಾರದಿಂದ ಅವಳು ಬಳಸುತ್ತಿದ್ದದ್ದು ಹೊಸ ಮಾದರಿಯ ಒಲೆ. ಅದರಲ್ಲಿ ಎಲ್ಲವೂ ತಿರುವುಮುರುವು. ಎಡಕ್ಕೆ ಬಂದರೆ ಆರುತ್ತದೆ, ಬಲಕ್ಕೆ ಹೋದಂತೆ ಉರಿ ಏರುತ್ತದೆ. ಮೂರು ವಾರಕ್ಕೇ ತನ್ನ ಕೈ ದಾರಿ ಮರೆತಿತೆಂದರೆ, ಮೂವತ್ತು ವರ್ಷ ಬಲಕ್ಕೆ ತಿರುಗಿಸಿ ಒಲೆ ಆರಿಸಿದ ಹೆಂಗಸರ ಕೈ ಏನು ಮಾಡೀತು? ಆರಿಸಿದೆ ಎಂದುಕೊಂಡು ಬಲಕ್ಕೆ ತಿರುಗಿಸುತ್ತಾರೆ, ಅಲ್ಲಿ ದೊಡ್ಡ ಉರಿ. ಗಾಳಿಗೋ, ಉಕ್ಕಿದ ಹಾಲಿಗೋ ಉರಿ ನಂದಿದ್ದರಂತೂ ಕಣ್ಣಿಗೆ ಕಾಣಲು ಏನೂ ಇಲ್ಲ. ಬರೀ ಗ್ಯಾಸು, ತುಂಬು ಧಾರೆಯಲ್ಲಿ.

ಕಿಟಕಿಯಾಚೆ ಅಂಗಳದಲ್ಲಿ ಲಾರಿ ನಿಂತಿತ್ತು. ಹೊಸ ಒಲೆಯ ಪೆಟ್ಟಿಗೆಗಳನ್ನು ಆಳುಗಳು ಸಾಲಾಗಿ ತಂದು ಇಡುತ್ತಿದ್ದರು. ನಾನೂರು ಒಲೆ. ಹಳೆಯ ಒಲೆ ಕೊಟ್ಟು ಹೊಸದು ಪಡೆಯಲು ಹೆಸರು ಬರೆಸಿದ ನಾನೂರು ಮನೆಗಳಿಗೆ. ನಾಲ್ಕು ಗಂಟೆಗೆ ಲಾರಿ ಬಿಡುತ್ತದೆಂದು ಬೆಳಿಗ್ಗೆಯೇ ಗೇಟಿನಲ್ಲಿ ಹೇಳಿದ್ದರು.

ಇವಳ ಕೆಲಸ ಏನೆಂದು ಹೇಳಿದರೆ ಕೇಳಿದವರು ನಗುತ್ತಿದ್ದರು. ತಪ್ಪು ಮಾಡುವುದೇ ಅವಳ ಕೆಲಸ. ಮೊದಲು ಪಾಲಿಶ್ ವಿಭಾಗದಲ್ಲಿ ಇದ್ದವಳು. ಒಂದು ದಿನ ಕೆಟಲು ಬಗ್ಗಿಸುವಾಗ ಮುಚ್ಚಳ ಕಳಚಿ ಬಿದ್ದು ಕಾಲು ಸುಟ್ಟುಕೊಂಡಳು. ಆಗಿನ ಹಳೆಯ ಯಜಮಾನ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, "ಇನ್ನೊಂದು ಸಲ ಹಾಗೇ ಬೀಳಿಸಮ್ಮ, ನೋಡೋಣ" ಎಂದ. ಆಮೇಲೆ ಮುಚ್ಚಳದ ಹಿಂದೆ ನಾಲಿಗೆಯಂತೆ ಒಂದು ಚೂರು ತಗಡು ಬಂತು. ಎಷ್ಟು ಬಗ್ಗಿಸಿದರೂ ಮುಚ್ಚಳ ಬೀಳದು. "ನಮ್ಮ ಇಂಜಿನಿಯರ್‌ಗಳಿಗೆ ತಪ್ಪು ಮಾಡೋಕೇ ಬರಲ್ಲ. ನಿನಗೆ ಬರತ್ತೆ" ಎಂದು ಈ ಕೋಣೆ ಕೊಟ್ಟ. ಇಪ್ಪತ್ತೆರಡು ವರ್ಷ ಆಯಿತು. ಇಸ್ತ್ರಿ ಪೆಟ್ಟಿಗೆ ಬೆನ್ನ ಮೇಲೆ ನೆಟ್ಟಗೆ ನಿಲ್ಲುವಂತಾದದ್ದು, ಬತ್ತಿ ಸ್ಟೋವಿನ ಕಾಲು ನಾಲ್ಕರಿಂದ ಮೂರಾಗಿ ಅಲುಗಾಟ ನಿಂತದ್ದು, ಬಾಣಲೆಯ ಹಿಡಿ ಬಳೆಗೆ ಸಿಕ್ಕದಂತೆ ದುಂಡಾದದ್ದು, ಎಲ್ಲ ಅವಳು ಎಡವಿದ್ದರಿಂದ. ಮನೆಮನೆಯ ಅಡುಗೆಮನೆಯಲ್ಲೂ ಅವಳ ತಪ್ಪುಗಳು ಇದ್ದವು. ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಕಾರ್ಖಾನೆಯವರು ಮಾತ್ರ ಅವಳನ್ನು ತಪ್ಪಮ್ಮ ಎಂದು ಕರೆಯುತ್ತಿದ್ದರು. ಪ್ರೀತಿಯಿಂದಲೇ.

ಆ ಕೋಣೆಗೆ ಒಂದೇ ಕಟ್ಟಳೆ. ಹೊಸ ಸಾಮಾನು ತಂದಿಟ್ಟವರು ಅದರ ಬಗ್ಗೆ ತುಟಿ ಬಿಚ್ಚಬಾರದು. ಹೇಳಿಸಿಕೊಂಡವರು ಸರಿಯಾಗಿ ಮಾಡಿಬಿಡುತ್ತಾರೆ. ಹೊಸ ಒಲೆ ತಂದ ದಿನ ಆ ಕಟ್ಟಳೆ ಮುರಿದಿತ್ತು. ಅದರ ನಕ್ಷೆ ಬರೆದವನು ಕನ್ನಡಕದ ಹುಡುಗ, ಒಳ್ಳೆಯವನು. ಖುಷಿ ತಡೆಯಲಾರದೆ, "ರೇಡಿಯೋ ಥರ ಅಮ್ಮ! ಬಲಕ್ಕೆ ತಿರುಗಿಸಿದ್ರೆ ಜಾಸ್ತಿ, ಎಡಕ್ಕೆ ಬಂದ್ರೆ ಬಂದ್. ಈಗಿನ ಕಾಲದ ಎಲ್ಲಾ ಸಾಮಾನೂ ಹೀಗೇ. ಒಲೆ ಒಂದೇ, ಬಲಕ್ಕೆ ತಿರುಗಿಸಿದ್ರೆ ಬಂದ್ ಆಗೋ ನೀರಿನ ನಲ್ಲಿಯ ಮೊಮ್ಮಗು, ಇನ್ನೂ ಅಜ್ಜಿ ಹೇಳಿದ ಹಾಗೇ ತಿರುಗ್ತಿದೆ" ಎಂದಿದ್ದ. ಇವಳು ನಕ್ಕಿದ್ದಳು. ಪರೀಕ್ಷೆ ಮಾಡಲು ಬೇರೆ ಯಾರನ್ನೂ ಕರೆಯಲಿಲ್ಲ. ನಾಲ್ಕು ದಿನ ಬಳಸಿ, "ತಪ್ಪು ಬರಲಿಲ್ಲ" ಎಂದು ಬರೆದು ಸಹಿ ಹಾಕಿದ್ದಳು.

ಅವಳು ದೊಡ್ಡ ಇಂಜಿನಿಯರ ಕೋಣೆಗೆ ಓಡಿದಳು. ಕನ್ನಡಕದವನೂ ಅಲ್ಲೇ ಇದ್ದ.

"ಸಾರ್, ಲಾರಿ ನಿಲ್ಸಿ. ಹೊಸ ಒಲೆ ಹೋಗಬಾರದು."

ಇಂಜಿನಿಯರು ಕೇಳಿಸಿಕೊಂಡರು. ಆಮೇಲೆ ಕಡತ ತೆಗೆದು ಅವಳ ಸಹಿಯ ಮೇಲೆ ಬೆರಳಿಟ್ಟರು. "ಇದು ಯಾರದಮ್ಮ?"

"ನಂದೇ ಸಾರ್. ಆದ್ರೆ ಇವರು ಮೊದಲೇ ಹೇಳಿಬಿಟ್ಟಿದ್ರು. ಅದು ಪರೀಕ್ಷೆ ಅಲ್ಲ."

ಕನ್ನಡಕದವನ ಮುಖ ಕೆಂಪಾಯಿತು. "ನಾಬಿನ ಪಕ್ಕದಲ್ಲಿ ಬಾಣದ ಗುರುತಿದೆ ಸಾರ್. ಓದೋಕೆ ಬರದವರಿಗೂ ಗೊತ್ತಾಗತ್ತೆ."

"ಹಾಲು ಉಕ್ಕಿ ಬರೋವಾಗ ಯಾರಪ್ಪಾ ಬಾಣ ನೋಡ್ತಾರೆ?"

"ಕಾರ್ಖಾನೆ ಕ್ಯಾಂಟೀನಿನಲ್ಲಿ ತಿಂಗಳಿಂದ ಇದೆ, ಒಂದು ದೂರೂ ಬಂದಿಲ್ಲ."

"ಕ್ಯಾಂಟೀನಿನವರಿಗೂ ನೀವೇ ಹೇಳಿಕೊಟ್ಟಿದ್ರಲ್ಲ."

ದೊಡ್ಡ ಇಂಜಿನಿಯರು ಕಡತ ಮುಚ್ಚಿದರು. ಕೆಟ್ಟ ಮನುಷ್ಯ ಅಲ್ಲ, ಆದರೆ ಕಣ್ಣಿಗೆ ಕಾಣದ್ದನ್ನು ನಂಬುವವರೂ ಅಲ್ಲ. "ನಿಮಗೆ ಅನ್ನಿಸ್ತು ಅಂತ ನಾನೂರು ಒಲೆ ಬಿಚ್ಚಿಸೋಕಾಗಲ್ಲ. ಇದನ್ನ ಕಂಡೇ ಇಲ್ಲದವರನ್ನ ಒಬ್ಬರನ್ನ ಕರ್ಕೊಂಡು ಬನ್ನಿ. ನನ್ನ ಕಣ್ಣೆದುರು ಅವರು ತಪ್ಪು ಮಾಡಲಿ, ನಿಲ್ಲಿಸ್ತೀನಿ. ನಾಲ್ಕಕ್ಕೆ ಲಾರಿ ಹೋಗತ್ತೆ."

ಯಾರನ್ನು ಕರೆತರುವುದು? ಕಾರ್ಖಾನೆಯ ಒಳಗಿನವರೆಲ್ಲ ಹೊಸ ಒಲೆಯನ್ನು ನೋಡಿದವರೇ. ಹೊರಗಿನವರನ್ನು ಗೇಟಿನಲ್ಲಿ ಬಿಡುವುದಿಲ್ಲ, ಕೆಲಸಗಾರರ ಮನೆಯವರಿಗೆ ಮಾತ್ರ ಚೀಟಿ. ಮನೆಯಲ್ಲಿ ಹಗಲು ಹೊತ್ತು ಇರುವುದು ಒಂದೇ ಜೀವ, ಅವಳ ಅತ್ತೆ. ಎಪ್ಪತ್ತೊಂದು ವರ್ಷ. ಐವತ್ತು ವರ್ಷ ಒಲೆ ಮುಂದೆ ನಿಂತ ಕೈ. ಅದಕ್ಕಿಂತ ಒಳ್ಳೆಯ ಕೈ ಎಲ್ಲಿ ಸಿಕ್ಕೀತು?

ಆದರೆ ಅತ್ತೆ ಒಲೆ ಮುಟ್ಟಿ ಮೂರು ವರ್ಷವಾಗಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಆರಿಸದೆ ಬಿಟ್ಟ ಒಲೆಯಿಂದ ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿತು. ಕಿಟಕಿ, ಮರದ ಕಪಾಟು ಎಲ್ಲ ಬೂದಿ. ಪಕ್ಕದ ಮನೆಯವರು ಬಾಗಿಲು ಒಡೆದು ಒಳಗೆ ಮಲಗಿದ್ದ ಅತ್ತೆಯನ್ನು ಎತ್ತಿ ತಂದರು. ಮನೆಯಲ್ಲಿ ಇದ್ದವರು ಅವರೊಬ್ಬರೇ, ಹಾಗಾಗಿ ತಪ್ಪೂ ಅವರದೇ ಎಂದಾಯಿತು. ವಯಸ್ಸಾಯಿತು, ಮರೆವು ಬಂತು, ಪಾಪ, ಎಂದು ಎಲ್ಲರೂ ಅಂದರು. ಆ ದಿನದಿಂದ ಮಗ ತಾಯಿಯನ್ನು ಒಲೆ ಹತ್ತಿರ ಬಿಡಲಿಲ್ಲ. ಬೇರೆ ಊರಿನಲ್ಲಿದ್ದ ಮಗಳು ತನ್ನ ಕೂಸನ್ನು ಅಜ್ಜಿಯ ಬಳಿ ಬಿಟ್ಟುಹೋಗುವುದನ್ನು ನಿಲ್ಲಿಸಿದಳು.

ಅಂದು ಬುತ್ತಿ ಮರೆತು ಮಧ್ಯಾಹ್ನ ಹತ್ತು ನಿಮಿಷಕ್ಕೆ ಮನೆಗೆ ಓಡಿಬಂದು, ಸಾರು ಬಿಸಿಗಿಟ್ಟು, ಗಡಿಯಾರ ನೋಡಿ ಗಾಬರಿಯಾಗಿ, ಉಣ್ಣದೆ ಕಾರ್ಖಾನೆಗೆ ವಾಪಸು ಓಡಿದವಳು ಸೊಸೆ, ಇವಳೇ. ಅತ್ತೆ ನಿದ್ದೆಯಲ್ಲಿದ್ದರು. ಅದು ಸೊಸೆಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನ ಹೇಳಲು ಹೆದರಿದಳು. ಎರಡನೆಯ ದಿನಕ್ಕೆ ಹೇಳುವುದು ಇನ್ನೂ ಕಷ್ಟವಾಯಿತು. ಹೀಗೆ ಮೂರು ವರ್ಷ.

ಮನೆಗೆ ಹೋಗಿ, "ಅತ್ತೆ, ಕಾರ್ಖಾನೆಗೆ ಬರ್ತೀರಾ? ಒಂದು ಒಲೆ ಹಚ್ಚಬೇಕು, ಹಾಲು ಕಾಯಿಸಬೇಕು, ಅಷ್ಟೇ" ಎಂದಳು.

ಅತ್ತೆ ಓದುತ್ತಿದ್ದ ಪತ್ರಿಕೆಯನ್ನು ಮಡಚಿದರು. "ನಾನಾ? ಇದೇನೇ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ನಿನ್ನ ಗಂಡನ್ನ ಕೇಳಿದೆಯಾ?"

"ಇಲ್ಲ."

"ಹಾಗಾದ್ರೆ ಬೇಗ ನಡಿ, ಅವನು ಬರೋಷ್ಟರಲ್ಲಿ" ಎಂದು ಎದ್ದು ನೀಲಿ ಅಂಚಿನ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಸೊಸೆ ಬಾಯಿ ಬಿಗಿಹಿಡಿದಿದ್ದಳು. ಒಂದು ಮಾತು ಹೇಳಿದರೂ ಪರೀಕ್ಷೆ ಕೆಡುತ್ತದೆ.

ಗೇಟಿನ ಚೀಟಿ ಸಿಕ್ಕಿ, ದೊಡ್ಡ ಇಂಜಿನಿಯರಿಗೆ ಬಿಡುವಾಗಿ, ಹಾಲು ತರಿಸುವ ಹೊತ್ತಿಗೆ ಮೂರು ಗಂಟೆ. ಪರೀಕ್ಷೆ ಕೋಣೆಯ ನಡುವೆ ಹೊಸ ಒಲೆ ಇಟ್ಟಿತ್ತು. ಗೋಡೆಗೆ ಒರಗಿ ಕನ್ನಡಕದವನು ನಿಂತಿದ್ದ. ಸಿಲಿಂಡರಿನ ಪಕ್ಕದಲ್ಲಿ ದೊಡ್ಡ ಇಂಜಿನಿಯರು.

"ನಮಸ್ಕಾರಮ್ಮ. ನಿಮ್ಮ ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ" ಎಂದರು.

"ನಮ್ಮ ಮನೇಲಿ ನಾನು ಮಾಡಲ್ಲ ಸ್ವಾಮಿ, ನನ್ನನ್ನ ಪಿಂಚಣಿ ಮೇಲೆ ಕಳಿಸಿದ್ದಾರೆ" ಎಂದು ಅತ್ತೆ ನಕ್ಕು ಸೆರಗು ಸಿಕ್ಕಿಸಿದರು.

ಆಮೇಲೆ ಒಲೆಯ ಮುಂದೆ ಬಾಗಿದರು. ಅತ್ತೆ ನೇರವಾಗಿ ಬಾಣದ ಗುರುತನ್ನೇ ನೋಡುತ್ತಿದ್ದರು, ಸೂಜಿಗೆ ದಾರ ಪೋಣಿಸುವವರಂತೆ ಕಣ್ಣು ಕಿರಿದು ಮಾಡಿ. ಬೆಂಕಿಕಡ್ಡಿ ಗೀರಿದರು, ನಾಬು ಬಲಕ್ಕೆ ತಿರುಗಿಸಿದರು, ಉರಿ ಹತ್ತಿತು. ಹಾಲು ಕಾದಾಗ ಮತ್ತೆ ಬಾಗಿ, ಬಾಣ ನೋಡಿ, ಎಡಕ್ಕೆ ತಿರುಗಿಸಿದರು. ಆರಿತು.

"ಆಯ್ತಾ? ಉಕ್ಕಲಿಲ್ಲ, ಸೀಯಲಿಲ್ಲ."

"ಇನ್ನೊಂದು ಸಲ, ಅತ್ತೆ."

ಎರಡನೆಯ ಸಲವೂ ಸರಿ. ಮೂರನೆಯ ಸಲವೂ ಸರಿ. ಕನ್ನಡಕದವನ ಮುಖದಲ್ಲಿ ನಗು ಬಂದು, ಬರಬಾರದೆಂದು ಅವನೇ ಅದನ್ನು ತಡೆದುಕೊಂಡ. ದೊಡ್ಡ ಇಂಜಿನಿಯರು ಕೈಗಡಿಯಾರ ನೋಡಿದರು. ಮೂರು ಮೂವತ್ತೈದು. ಅಂಗಳದಲ್ಲಿ ಲಾರಿಯ ಹಿಂಬಾಗಿಲು ಹಾಕಿದ ಸದ್ದು ದಡಾರೆಂದು ಕೇಳಿತು.

ಸೊಸೆಗೆ ಆಗ ಅರ್ಥವಾಯಿತು. ಇವರು ಹಾಲು ಕಾಯಿಸುತ್ತಿಲ್ಲ. ಮೂರು ವರ್ಷದಿಂದ ತಮ್ಮ ಮೇಲಿದ್ದ ಮಾತಿಗೆ ಉತ್ತರ ಕೊಡುತ್ತಿದ್ದಾರೆ. ನನಗೆ ಮರೆವಿಲ್ಲ, ನೋಡಿ, ಎನ್ನುತ್ತಿದ್ದಾರೆ. ಇಷ್ಟು ಎಚ್ಚರವಾಗಿ ಯಾವ ಮನೆಯ ಹೆಂಗಸೂ ಒಲೆ ಆರಿಸುವುದಿಲ್ಲ. ಮನೆಯಲ್ಲಿ ಒಂದು ಕಿವಿ ಬಾಗಿಲ ಕಡೆ, ಒಂದು ಕಣ್ಣು ಕೂಸಿನ ಕಡೆ, ಬಾಯಲ್ಲಿ ಯಾರೊಂದಿಗೋ ಮಾತು. ಕೈ ಮಾತ್ರ ಒಲೆಯಲ್ಲಿ. ಆ ಕೈ ಬೇಕು. ಆ ಕೈ ಬರಬೇಕಾದರೆ ಅತ್ತೆಯ ಮನಸ್ಸು ಒಲೆ ಬಿಟ್ಟು ಹೊರಗೆ ಬರಬೇಕು.

"ಇನ್ನೊಂದೇ ಸಲ ಸಾರ್" ಎಂದಳು.

"ಇದು ಕೊನೇದು" ಎಂದರು ದೊಡ್ಡ ಇಂಜಿನಿಯರು.

ಹಾಲಿಟ್ಟರು. ಅತ್ತೆ ಉರಿಯನ್ನು ಅರ್ಧಕ್ಕೆ ತಂದು ನಿಂತರು. ಸೊಸೆ ಮೊದಲು ಸಣ್ಣ ಕಿಡಿ ಹಾಕಿ ನೋಡಿದಳು. "ಹಾಲಿಗೆ ಇಷ್ಟೇನಾ ಉರಿ? ನಾಳೆ ಬೆಳಿಗ್ಗೆ ಕಾಯತ್ತೆ."

"ನೀನು ಹುಟ್ಟೋ ಮೊದಲಿಂದ ಹಾಲು ಕಾಯಿಸಿದೀನಿ, ಸುಮ್ನಿರೇ."

"ಆ ಸೀರೆಗೆ ಆ ರವಿಕೆ ಹೊಂದಲ್ಲ."

"ನಿನ್ನ ಬಾಯಿಗೆ ಯಾವ ಬೀಗಾನೂ ಹೊಂದಲ್ಲ" ಎಂದರು ಅತ್ತೆ, ಹಾಲಿನಿಂದ ಕಣ್ಣು ಕೀಳದೆ. ಇಂಜಿನಿಯರು ಕೆಮ್ಮಿ ನಗು ನುಂಗಿದರು.

ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಟ್ಟಿದವು. ಹೊರಗೆ ಲಾರಿಯ ಎಂಜಿನ್ ಶುರುವಾಯಿತು. ನಾನೂರು ಅಡುಗೆಮನೆ. ಅದರಲ್ಲಿ ಮಧ್ಯಾಹ್ನ ಮಲಗಿದ ಮುದುಕಿಯರು ಎಷ್ಟು ಜನವೋ. ಸುಳ್ಳು ಹೇಳಿ ಕೆಣಕಬಹುದಿತ್ತು. ಆದರೆ ಅತ್ತೆಯ ಮುಂದೆ ಅವಳ ಸುಳ್ಳು ಎಂದೂ ನಿಂತಿರಲಿಲ್ಲ, ಆ ಒಂದನ್ನು ಬಿಟ್ಟು.

"ಅತ್ತೆ" ಎಂದಳು. "ಅವತ್ತು ಒಲೆ ಆರಿಸದೆ ಬಿಟ್ಟಿದ್ದು ನೀವಲ್ಲ. ನಾನು."

ಅತ್ತೆ ತಲೆ ಎತ್ತಿದರು.

"ಮಧ್ಯಾಹ್ನ ಬಂದಿದ್ದೆ. ಸಾರು ಬಿಸಿಗಿಟ್ಟೆ. ನೀವು ಮಲಗಿದ್ರಿ. ಹಾಗೇ ಬಿಟ್ಟು ಓಡಿದೆ."

ಅತ್ತೆ ಅವಳ ಮುಖವನ್ನು ನೋಡುತ್ತಲೇ ಇದ್ದರು. ಮೊದಲು ಕೇಳಿಸದವರ ಹಾಗೆ, ಆಮೇಲೆ ಕೇಳಿಸಿದವರ ಹಾಗೆ. ಪಾತ್ರೆಯಲ್ಲಿ ಹಾಲು ಏಳತೊಡಗಿತು, ಸುಯ್ಯೆಂದಿತು. ಅತ್ತೆ ಅತ್ತ ತಿರುಗಲಿಲ್ಲ. ಅವರ ಬಲಗೈ ಮಾತ್ರ ತಾನೇ ಹೋಯಿತು, ಕತ್ತಲಲ್ಲಿ ಚಿಲಕ ಹುಡುಕಿ ಹಿಡಿಯುವಂತೆ ನಾಬನ್ನು ಹಿಡಿಯಿತು, ಬಲಕ್ಕೆ ತಿರುಗಿಸಿತು. ಕೊನೆತನಕ. ಟಕ್ ಎಂದು ನಿಂತಿತು. ಐವತ್ತು ವರ್ಷ ಆರಿಸಿದಾಗ ನಿಂತ ಹಾಗೆಯೇ. ಆರಿತೆಂದು ನಂಬಿ ಕೈ ವಾಪಸು ಬಂದು ಸೆರಗಿನಲ್ಲಿ ಸೇರಿತು.

"ಮೂರು ವರ್ಷ" ಎಂದರು ಅತ್ತೆ.

ಅವರ ಬೆನ್ನ ಹಿಂದೆ ಉರಿ ಭುಗಿಲ್ಲೆಂದು ಪಾತ್ರೆಯ ಸುತ್ತ ಎದ್ದಿತು. ಹಾಲು ಒಮ್ಮೆಗೇ ಉಕ್ಕಿ, ಅಂಚು ದಾಟಿ, ಬರ್ನರಿನ ಮೇಲೆ ಸುರಿಯಿತು. ಚರ್ ಎಂದು ಹೊಗೆ. ಉರಿ ನಂದಿತು. ಆಮೇಲೆ ಹಾವಿನ ಬುಸುಗುಟ್ಟುವಿಕೆಯಂಥ ಸದ್ದು, ಗ್ಯಾಸಿನ ಆ ಕೊಳೆತ ವಾಸನೆ.

"ಮೂರು ವರ್ಷ ನೋಡಿದೀಯ ನೀನು. ನಾನು ಒಂದು ಲೋಟ ಕಾಫಿಗೆ ನಿನ್ನ ದಾರಿ ಕಾಯೋದನ್ನ ನೋಡಿದೀಯ."

"ಅಮ್ಮ, ಈಚೆ ಬನ್ನಿ!" ಎಂದು ಕನ್ನಡಕದವನು ಕೂಗಿ ಅವರ ತೋಳು ಹಿಡಿದು ಎಳೆದ. ದೊಡ್ಡ ಇಂಜಿನಿಯರು ಬಗ್ಗಿ ಸಿಲಿಂಡರಿನ ಬಾಯಿಯನ್ನು ಗರಗರ ಬಲಕ್ಕೆ ತಿರುಗಿಸಿ ಬಂದ್ ಮಾಡಿದರು. ಸೊಸೆ ಎರಡು ಕಿಟಕಿಗಳನ್ನೂ ತೆರೆದಳು. ಇಂಜಿನಿಯರು ಅಂಗಳದ ಕಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೋ, ಲಾರಿ ನಿಲ್ಸೋ! ಗೇಟ್ ಹಾಕು!" ಎಂದು ಅರಚಿದರು. ಅವರು ಹಾಗೆ ಅರಚಿದ್ದನ್ನು ಆ ಕಾರ್ಖಾನೆಯಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ.

ಎಂಜಿನ್ ನಿಂತಿತು.

ಅತ್ತೆ ಒಲೆಯನ್ನೂ ಚೆಲ್ಲಿದ ಹಾಲನ್ನೂ ನೋಡಿದರು. "ಏನಾಯ್ತು ಸ್ವಾಮಿ? ನಾನು ಆರಿಸಿದ್ನಲ್ಲ?"

"ಆರಿಸಿದ್ರಿ ಅಮ್ಮ. ನೀವು ಸರಿಯಾಗೇ ಮಾಡಿದ್ರಿ. ನಾವು ಒಲೇನ ತಪ್ಪು ಮಾಡಿದೀವಿ" ಎಂದರು ಇಂಜಿನಿಯರು. ಕನ್ನಡಕದವನು ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ. ಆಮೇಲೆ ಮೆಲ್ಲಗೆ, "ಅವತ್ತು ನಾನು ಹೇಳಬಾರದಿತ್ತು" ಎಂದು ಸೊಸೆಯ ಕಡೆ ನೋಡಿ ಅಂದ.

ಅತ್ತೆಗೆ ಆಗ ಎಲ್ಲ ಹೊಳೆಯಿತು. ಯಾಕೆ ಕರೆತಂದದ್ದು, ಯಾಕೆ ನಾಲ್ಕು ಸಲ, ಆ ಮಾತನ್ನು ಇವತ್ತೇ, ಇಲ್ಲೇ, ಪರರ ಮುಂದೆ ಯಾಕೆ ಹೇಳಿದ್ದು. ಸೆರಗಿನಿಂದ ಕೈ ಒರೆಸಿಕೊಂಡರು.

"ಅಂತೂ ನನ್ನ ಕೈ ತಪ್ಪಲಿ ಅಂತ ಹೇಳಿದೆ. ನನಗೆ ಗೊತ್ತಾಗಲಿ ಅಂತ ಅಲ್ಲ."

ಸೊಸೆ, ಎರಡೂ ಇತ್ತು ಎಂದು ಹೇಳಬೇಕೆಂದಿದ್ದಳು. ಆದರೆ ನಿಜವಾಗಿ ಎರಡೂ ಇತ್ತೇ ಎಂದು ಅವಳಿಗೇ ಖಾತ್ರಿ ಇರಲಿಲ್ಲ.

ಆ ಸಂಜೆಯೇ ಒಲೆಗಳನ್ನು ಇಳಿಸಿದರು. ನಾಬಿನ ಒಳಗಿನ ಕವಾಟ ಬದಲಾಯಿಸಿ, ಹಳೆಯ ಹಾಗೆಯೇ ಬಲಕ್ಕೆ ಆರುವಂತೆ ಮಾಡಲು ಒಂದೂವರೆ ತಿಂಗಳು ಹಿಡಿಯಿತು. ಆ ಒಲೆಗಳು ಆಮೇಲೆ ಮನೆಗಳಿಗೆ ಹೋದವು. ಅವುಗಳಿಂದ ಏನೂ ಆಗಲಿಲ್ಲ. ಏನೂ ಆಗದ್ದನ್ನು ಯಾರು ತಾನೇ ನೆನಪಿಡುತ್ತಾರೆ.

ಮನೆಗೆ ನಡೆದು ಬರುವಾಗ ಅತ್ತೆ ಎರಡು ಹೆಜ್ಜೆ ಮುಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ, ಯಾರನ್ನೂ ಕೇಳದೆ ಒಲೆ ಹಚ್ಚಿ, ಕಾಫಿ ಮಾಡಿಕೊಂಡು ಕುಡಿದರು. ಒಂದೇ ಲೋಟ. ಮಗ ಕೆಲಸದಿಂದ ಬಂದು ಅದನ್ನು ಕಂಡು, "ಅಮ್ಮಾ, ಒಲೆ ಹತ್ತಿರ ಏನು ಮಾಡ್ತಿದೀಯ?" ಎಂದ.

"ನಿನ್ನ ಹೆಂಡತೀನ ಕೇಳು" ಎಂದರು ಅತ್ತೆ.

ಅವಳು ಗಂಡನಿಗೆ ನಿಂತೇ ಎಲ್ಲ ಹೇಳಿದಳು. ಅವನು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕುಳಿತು, ಅಮ್ಮನ ಮುಖ ನೋಡಲಾಗದೆ ನೆಲ ನೋಡಿದ. ಅಮ್ಮನನ್ನು ಒಲೆಯಿಂದ ದೂರ ಇಟ್ಟವನು ಅವನೇ ಅಲ್ಲವೇ. ಮಾರನೆಯ ದಿನ ಅತ್ತೆ, "ಮಗಳಿಗೂ ನೀನೇ ಹೇಳು, ನಾನು ಹೇಳಿದ್ರೆ ಮುದುಕಿ ನೆಪ ಹೇಳ್ತಾಳೆ ಅಂತಾಳೆ" ಎಂದರು. ಸೊಸೆ ಅಂಗಡಿಯ ಫೋನಿನಿಂದ ನಾದಿನಿಗೆ ಹೇಳಿದಳು. ನಾದಿನಿ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, "ಅತ್ತಿಗೆ, ಅಮ್ಮನ್ನ ಬಸ್ಸು ಹತ್ತಿಸಿ" ಎಂದಷ್ಟೇ ಕೇಳಿತು.

ಬುಧವಾರ ರಾತ್ರಿ ಊಟಕ್ಕೆ ಕುಳಿತಾಗ ಸೊಸೆ ಕೇಳಿದಳು: "ಯಾವಾಗ ವಾಪಸು ಬರ್ತೀರ ಅತ್ತೆ?"

"ಅಲ್ಲಿ ಒಲೆ ಇದೆ, ಕೂಸಿದೆ. ಇಲ್ಲಿ ಏನಿದೆ?" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದೇ ಹೆಚ್ಚು ಇರಿಯಿತು. ಅನ್ನ ಕಲಸುತ್ತಾ, "ಆ ನಾನೂರು ಮನೆಯವರಿಗೆ ಒಳ್ಳೇದು ಮಾಡಿದೆ ಕಣೇ. ಅದರಲ್ಲಿ ಎರಡು ಮಾತಿಲ್ಲ. ನನಗೆ ಮಾತ್ರ ಮಾಡಲಿಲ್ಲ" ಎಂದರು.

ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ಅತ್ತೆ ಮಗಳ ಊರಿಗೆ ಹೊರಟುಹೋದರು.